ಇಪ್ಪತ್ತೈದನೇ ಪಟ್ಟಿ

೬ ಸೆಪ್ಟೆಂಬರ್

ಮಗಳೇ,

ನಾನು ಕ್ಷೇಮ. ನೀನೂ ನನ್ನ ಅಕ್ಕನೂ ಕ್ಷೇಮವೆಂದು ನಂಬಿದ್ದೇನೆ. ಫೋನು ಬೇಡ, ಕಾಗದ ಬರಿ ಎಂದು ನೀನು ವಿಮಾನ ನಿಲ್ದಾಣದಲ್ಲಿ ಹಾಕಿದ ಷರತ್ತಿಗೆ ನಾನು ಒಪ್ಪಿದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ನಾವಿಬ್ಬರೂ ನಾಲ್ಕು ನಿಮಿಷ ದಾಟುವುದರೊಳಗೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಒಂದು ಮಾತಿಗೆ ಉತ್ತರ ಬರಲು ಎರಡು ಮೂರು ವಾರ ಬೇಕು, ಅಷ್ಟರಲ್ಲಿ ಯಾಕೆ ಸಿಟ್ಟು ಬಂದಿತ್ತೆಂಬುದೇ ಮರೆತಿರುತ್ತದೆ.

ಹಾಸ್ಟೆಲಿನಲ್ಲಿ ಮೂರನೇ ಮಹಡಿಯ ಕೋಣೆ ಕೊಟ್ಟಿದ್ದಾರೆ. ಒಂದು ಮಂಚ, ಒಂದು ಮೇಜು, ಕತ್ತು ಬಗ್ಗಿಸಿದ ಒಂದು ದೀಪ. ನಾನು ಹೋದ ಕೂಡಲೇ ಮಾಡಿದ ಕೆಲಸ ನಿನಗೆ ಗೊತ್ತೇ ಇದೆ. ಮಂಡಿಯೂರಿ ಕೂತು ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಬಾಗಿಲ ಬಳಿಯ ಮೂರನೇ ಟೈಲು ಪೊಳ್ಳು. ವಾರ್ಡನ್ ಬಾಗಿಲಲ್ಲಿ ನಿಂತವರು ಮುದುಕ ಬಿದ್ದನೆಂದುಕೊಂಡು ಓಡಿಬಂದು ರಟ್ಟೆ ಹಿಡಿದೆತ್ತಿದರು. ನಿಮ್ಮಮ್ಮ ಇದ್ದಿದ್ದರೆ ತಟ್ಟುವುದೂ ಬೇಕಿರಲಿಲ್ಲ. ಬರಿಗಾಲಲ್ಲಿ, ಕಣ್ಣು ಮುಚ್ಚಿಕೊಂಡು ಗೋಡೆಯಿಂದ ಗೋಡೆಗೆ ನಡೆದು, "ನೋಡೋಕೆ ಚೆನ್ನಾಗಿದೆ ಕಣ್ರೀ, ಆದ್ರೆ ಕಾಲು ಒಪ್ತಾ ಇಲ್ಲ" ಅನ್ನುತ್ತಿದ್ದಳು. ಮೂವತ್ತು ವರ್ಷ ಅವಳ ಕಾಲು ಒಪ್ಪದೆ ನಾನು ಒಂದು ನೆಲವನ್ನೂ ಗಿರಾಕಿಗೆ ಒಪ್ಪಿಸಲಿಲ್ಲ.

ದಾಖಲಾತಿಯ ಕಥೆ ಕೇಳು. ಗುಮಾಸ್ತೆ ನನ್ನ ಹಿಂದೆ ಮುಂದೆ ಹುಡುಕಿ, "ವೇರ್ ಈಸ್ ದಿ ಸ್ಟೂಡೆಂಟ್?" ಎಂದು ಕೇಳಿದಳು. ನಲವತ್ತು ವರ್ಷದ ಹಿಂದೆ ಎರಡೇ ವರ್ಷ ಓದಿದ ಕಾಲೇಜಿನ ಇಂಗ್ಲಿಷನ್ನು ತಳದಿಂದ ಕೆದಕಿ, "ಐ ಆ್ಯಮ್ ದಿ ಸೇಮ್" ಎಂದೆ. ಅವಳು ಫಾರಂ ಕೊಟ್ಟಳು. ಅದರಲ್ಲಿ ಪಾಲಕರ ಹೆಸರು ಎಂಬ ಜಾಗ ಇತ್ತು. ಖಾಲಿ ಬಿಡುವ ಹಾಗಿಲ್ಲವಂತೆ, ಮೊದಲ ವರ್ಷದ ಎಲ್ಲರಿಗೂ ಅದೇ ಫಾರಂ. ನಿನ್ನ ಹೆಸರು ಬರೆದೆ. ಸಂಬಂಧ ಎಂಬಲ್ಲಿ ಮಗಳು ಎಂದು ಬರೆದೆ. ಗುಮಾಸ್ತೆ ಕಣ್ಣು ಕೂಡ ಮಿಟುಕಿಸದೆ ಮುದ್ರೆ ಒತ್ತಿದಳು.

ನಮ್ಮ ದೇಶದಲ್ಲಿ ನಾಲ್ಕು ಕಾಲೇಜಿನವರು ಹುಟ್ಟಿದ ತಾರೀಖು ನೋಡಿಯೇ ಅರ್ಜಿ ವಾಪಸ್ಸು ಕೊಟ್ಟಿದ್ದರು. ಇಲ್ಲಿನವರು ಗಣಿತದ ಪ್ರವೇಶ ಪರೀಕ್ಷೆಯ ಉತ್ತರ ಮಾತ್ರ ನೋಡಿದರು. ಅರವತ್ತೊಂದಕ್ಕೆ ನಾನು ಇಷ್ಟು ದೂರ ಬಂದದ್ದು ಹುಚ್ಚಿನಿಂದ ಎಂದು ಅಕ್ಕ ಹೇಳಿದರೆ ಇದನ್ನು ನೆನಪಿಸು.

ಮೊದಲ ದಿನ ನಾನು ಒಳಗೆ ಕಾಲಿಟ್ಟ ಕೂಡಲೇ ಇಡೀ ತರಗತಿ ಗಪ್‌ಚಿಪ್. ಪಾಠ ಮಾಡುವವನು ಬಂದನೆಂದು ತಿಳಿದರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತಾಗ ಪಕ್ಕದ ಹುಡುಗಿ ನಗು ತಡೆಯಲಾರದೆ ಕೆಮ್ಮಿದಳು. ಅವಳು ಪಾಠ ಕೇಳುತ್ತಲೇ ಸ್ವೆಟರ್ ಹೆಣೆಯುತ್ತಾಳೆ. ನಿಜವಾದ ಪ್ರೊಫೆಸರಮ್ಮ ಆಮೇಲೆ ಬಂದರು. ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಎರಡೂ ಮೊಣಕೈಗೆ ಸೀಮೆಸುಣ್ಣ.

ನಮ್ಮ ನೆಲಗಲ್ಲಿನ ಅಂಗಡಿ ನಿನ್ನ ಕೈಯಲ್ಲಿದೆ ಎಂದು ನಿಶ್ಚಿಂತೆಯಾಗಿದ್ದೇನೆ.

ನಿನ್ನ ಅಪ್ಪ

೨೨ ಸೆಪ್ಟೆಂಬರ್

ಅಪ್ಪಾ,

ಕಾಗದ ಬಂತು. ಅತ್ತೆಗೆ ಓದಿ ಹೇಳಿದೆ. "ನಿಮ್ಮಪ್ಪ ಊರೆಲ್ಲ ನೆಲ ಹಾಕಿ, ಕೊನೆಗೆ ಹುಡುಗರ ಜೊತೆ ಬೆಂಚಿನ ಮೇಲೆ ಕೂತ. ಬೆನ್ನಿಗೆ ದಿಂಬು ಇಟ್ಕೊಳ್ಳೋಕೆ ಹೇಳು" ಎಂದರು. ಮೇಲಿನ ಮಾತು ಕುಹಕ, ದಿಂಬಿನ ಮಾತು ನಿಜ.

ಇಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ. ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯ ನೆಲ ಹಿಡಿದಿದ್ದೇನೆ. ಚಿಕ್ಕ ಕೆಲಸ, ನಾಲ್ಕು ದಿನದಲ್ಲಿ ಮುಗಿಯುತ್ತದೆ. ನೀನಿಲ್ಲದೆ ನಾನೊಬ್ಬಳೇ ಮಾತಾಡಿ ಒಪ್ಪಿಕೊಂಡ ಮೊದಲ ಕೆಲಸ. ಅಂಗಡಿಯ ಬೋರ್ಡಿನಲ್ಲಿ ಇನ್ನೂ ನಿನ್ನ ಹೆಸರೇ ಇದೆ, ಬದಲಿಸುವ ಯೋಚನೆ ಇಲ್ಲ.

ಹಿತ್ತಲಿನ ಎರಡಡಿ ಚೌಕದ ಕರಿಕಲ್ಲಿನ ಮೇಲೆ ಅತ್ತೆ ಮಧ್ಯಾಹ್ನವೆಲ್ಲ ಕೂತಿರುತ್ತಾರೆ. ತಂಪಾಗಿದೆಯಂತೆ. ಗೋದಾಮಿಗೆ ಸಾಗಿಸಿಬಿಡುತ್ತೇನೆ ಎಂದೆ. "ನಿಮ್ಮಮ್ಮ ಅದನ್ನ ಯಾರಿಗೂ ಮಾರೋಕೆ ಬಿಡಲಿಲ್ಲ, ನೀನು ಮುಟ್ಟು ನೋಡೋಣ" ಎಂದರು. ಅದು ನೀನು ನಿನ್ನ ಕೈಯಾರೆ ಕಡಿದು ನುಣುಪು ಮಾಡಿದ ಮೊದಲ ಕಲ್ಲು ಎಂಬುದು ಗೊತ್ತು. ಅದನ್ನು ಯಾಕೆ ಯಾವ ನೆಲಕ್ಕೂ ಹಾಕಲಿಲ್ಲವೋ ಗೊತ್ತಿಲ್ಲ.

ಓದು ಹೇಗಿದೆ? ನಿಜ ಹೇಳು. ಆಗದಿದ್ದರೆ ಬಂದುಬಿಡು, ಯಾರೂ ನಗುವುದಿಲ್ಲ. ಅತ್ತೆ ನಗುತ್ತಾರೆ, ಅದು ಹೇಗೂ ಇದ್ದದ್ದೇ.

ಮಗಳು

೧೫ ಅಕ್ಟೋಬರ್

ಮಗಳೇ,

ಓದು ಭರ್ಜರಿಯಾಗಿ ಸಾಗಿದೆ. ಮೊದಲ ಪರೀಕ್ಷೆಯೂ ಆಯಿತು. ಆರು ಪ್ರಶ್ನೆಗೆ ಆರೂ ಉತ್ತರ ಬರೆದೆ, ಆರೂ ಸರಿ. ಇದನ್ನು ನಾನು ಹೇಳುತ್ತಿಲ್ಲ, ಪ್ರೊಫೆಸರಮ್ಮನೇ ಹೇಳಿದರು. ಅಷ್ಟೇ ಅಲ್ಲ, ಪರೀಕ್ಷೆ ಆದ ಮೇಲೆ ಇಡೀ ತರಗತಿಯಲ್ಲಿ ನನ್ನೊಬ್ಬನನ್ನೇ ತಮ್ಮ ಕೋಣೆಗೆ ಕರೆದು, ಕುರ್ಚಿ ಕೊಟ್ಟು, ಮುಕ್ಕಾಲು ಗಂಟೆ ಮಾತಾಡಿದರು. ಇಂಥ ಮರ್ಯಾದೆ ಬೇರೆ ಯಾವ ವಿದ್ಯಾರ್ಥಿಗೂ ಸಿಕ್ಕಿಲ್ಲ. ಟು ದಿ ಬೆಸ್ಟ್ ಆಫ್ ಮೈ ನಾಲೆಡ್ಜ್.

ಅವರ ಕೋಣೆಯ ನೆಲ ಮರದ ಹಲಗೆಯದು. ಕಿಟಕಿಯ ಕೆಳಗೆ ಎರಡು ಹಲಗೆ ಉಬ್ಬಿವೆ. ಮಾತಿನ ಮಧ್ಯೆ ಹೇಳಬೇಕೆನ್ನಿಸಿತು, ಹೇಳಿಯೂ ಬಿಟ್ಟೆ.

ಇಲ್ಲಿನ ಗಣಿತ ನಾವು ಓದಿದ ಹಾಗಲ್ಲ. ಅಂಕಿಗಳೇ ಕಡಿಮೆ, ಮಾತೇ ಹೆಚ್ಚು. "ಇದು ಯಾವಾಗಲೂ ಹೀಗೇ ಆಗುತ್ತೆ ಅಂತ ತೋರಿಸಿ" ಅನ್ನುತ್ತಾರೆ. ನಾನು ಹತ್ತು ಬಾರಿ ಮಾಡಿ ನೋಡಿ ಹತ್ತು ಬಾರಿಯೂ ಹಾಗೇ ಆಯಿತು ಎಂದು ಬರೆದೆ. ಸ್ವೆಟರ್ ಹುಡುಗಿ ಅದನ್ನೋದಿ, "ಹನ್ನೊಂದನೇ ಸಲ?" ಎಂದು ಕೇಳಿದಳು. ಸೂಜಿ ನಿಲ್ಲಿಸಲೂ ಇಲ್ಲ.

ಡಾಕ್ಟರ ಕೋಣೆ ಮುಗಿದು ಎಷ್ಟೋ ದಿನವಾಗಿರಬೇಕು. ನಿನಗೆ ನನ್ನ ಸಹಾಯ ಬೇಕಿಲ್ಲ ಎಂಬುದು ಸಂತೋಷದ ಸಂಗತಿ. ಸ್ವಲ್ಪ ಬೇಜಾರಿನ ಸಂಗತಿಯೂ ಹೌದು, ಹೋಗಲಿ ಬಿಡು.

ಅಕ್ಕನಿಗೆ ಹೇಳು, ದಿಂಬು ಇಟ್ಟುಕೊಂಡಿದ್ದೇನೆ.

ಅಪ್ಪ

೯ ನವೆಂಬರ್

ಅಪ್ಪಾ,

ನಿನ್ನ ಕಾಲೇಜಿನಿಂದ ನನಗೊಂದು ಕಾಗದ ಬಂದಿದೆ. "ಮಾನ್ಯ ಪಾಲಕರೇ" ಎಂದು ಶುರುವಾಗುತ್ತದೆ. ನನ್ನ ಇಂಗ್ಲಿಷಿಗೆ ತಿಳಿದಷ್ಟು ಬರೆಯುತ್ತೇನೆ:

"ನಿಮ್ಮ ಪಾಲನೆಯಲ್ಲಿರುವ ವಿದ್ಯಾರ್ಥಿಯ ಪ್ರಗತಿ ಸಮಾಧಾನಕರವಾಗಿಲ್ಲ. ನೂರಕ್ಕೆ ಇಪ್ಪತ್ತೆರಡು. ನಡತೆ ಉತ್ತಮ. ಜನವರಿ ಹದಿನಾರರ ಮೌಖಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ವ್ಯಾಸಂಗ ಮುಂದುವರಿಸಲು ಅವಕಾಶವಿರುವುದಿಲ್ಲ. ಮನೆಯಲ್ಲಿ ಇವರ ಓದಿನ ಕಡೆ ಗಮನ ಕೊಡಬೇಕಾಗಿ ಕೋರುತ್ತೇವೆ."

ಅತ್ತೆ ಮೂರು ಸಲ ಓದಿಸಿದರು. ಮೂರನೇ ಸಲ ನಕ್ಕೂ ನಕ್ಕೂ ಕರಿಕಲ್ಲಿನಿಂದ ಜಾರಿ ಕೆಳಗೆ ಕೂತರು. "ನಡತೆ ಉತ್ತಮವಂತೆ! ಇವನ ಪ್ರೈಮರಿ ಮೇಷ್ಟ್ರಿಗೆ ಇದನ್ನ ತೋರಿಸ್ಬೇಕಿತ್ತು."

ಕಾಗದದ ಜೊತೆ ನಿನ್ನ ಉತ್ತರ ಪತ್ರಿಕೆಯ ಪ್ರತಿ ಇಟ್ಟಿದ್ದಾರೆ. ಎಲ್ಲ ಉತ್ತರ ಸರಿ, ಅದು ನಿಜ. ಆದರೆ ಕಾರಣ ಬರೆಯಬೇಕಾದ ಕಡೆಯೆಲ್ಲ ನೀನು ರಜಾ ಅರ್ಜಿ ಬರೆದಿದ್ದೀಯ. "ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್" ಎಂದು ಶುರು ಮಾಡಿ, "ಐ ಹಂಬ್ಲಿ ರಿಕ್ವೆಸ್ಟ್ ಯು ಟು ಅಕ್ಸೆಪ್ಟ್ ದಿ ಸೇಮ್" ಎಂದು ಮುಗಿಸಿದ್ದೀಯ. ಆರು ಉತ್ತರಕ್ಕೂ! ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ವಿನಂತಿಯ ಮೇರೆಗೆ ಒಪ್ಪಿಕೊಳ್ಳಲು ನನಗೆ ಅಧಿಕಾರವಿಲ್ಲ.

ಮುಕ್ಕಾಲು ಗಂಟೆ ಕುರ್ಚಿ ಕೊಟ್ಟು ಮಾತಾಡಿದ್ದು ಇದನ್ನೇ ಅಲ್ಲವಾ? ನಾನು ಐದನೇ ಕ್ಲಾಸಿನಲ್ಲಿ ಪ್ರೋಗ್ರೆಸ್ ಕಾರ್ಡು ಅಡಗಿಸಿಟ್ಟಾಗ ನೀನು ಹೇಳಿದ್ದನ್ನೇ ಈಗ ಪಾಲಕಿಯಾಗಿ ಹೇಳುತ್ತೇನೆ: ಮಾರ್ಕ್ಸು ಹೋದರೆ ಹೋಯಿತು, ಮುಚ್ಚಿಟ್ಟದ್ದಕ್ಕೆ ಬೇಜಾರು.

ನಿನ್ನದು ಹೊರಬಿದ್ದ ಮೇಲೆ ನನ್ನದೂ ಬೀಳಲಿ. ಡಾಕ್ಟರ ಕೋಣೆ ಮುಗಿದಿಲ್ಲ. ಎರಡು ತಿಂಗಳಾಗುತ್ತ ಬಂತು.

ಕೋಣೆ ಹತ್ತಡಿಗೆ ಹತ್ತಡಿ. ಡಾಕ್ಟರು ತಾವೇ ಆರಿಸಿದ ಕಲ್ಲಿನ ಪಟ್ಟಿ, ಒಂದಡಿ ಅಗಲ, ನಾಲ್ಕಡಿ ಉದ್ದ. ಒಂದೇ ಒಂದು ಷರತ್ತು, ಯಾವ ಪಟ್ಟಿಯನ್ನೂ ಕತ್ತರಿಸಬಾರದು. "ದಿನಾ ಮುರಿದ ಹಲ್ಲು ನೋಡಿ ನೋಡಿ ಸಾಕಾಗಿದೆಯಮ್ಮ, ನೆಲವಾದ್ರೂ ಇಡಿಯಾಗಿರಲಿ." ನಾನು ಅಲ್ಲೇ ಲೆಕ್ಕ ಹಾಕಿದೆ. ನೂರು ಚದರಡಿ, ಒಂದು ಪಟ್ಟಿಗೆ ನಾಲ್ಕು, ಸರಿಯಾಗಿ ಇಪ್ಪತ್ತೈದು. ಸಂತೋಷವಾಗಿ ಒಪ್ಪಿಕೊಂಡೆ. ನಿನ್ನ ಹೆಸರಿನ ಅಂಗಡಿ, ಕತ್ತರಿಸದೆ ಹಾಕಿಕೊಡುತ್ತೇನೆ ಎಂದೂ ಹೇಳಿದೆ.

ಗಾರೆ ಹಾಕದೆ ಬರೇ ಜೋಡಿಸಿ ಜೋಡಿಸಿ ನೋಡಿದ್ದೇನೆ. ಇಪ್ಪತ್ನಾಲ್ಕು ಕೂರುತ್ತವೆ. ಇಪ್ಪತ್ತೈದನೆಯದು ನನ್ನ ಕೈಯಲ್ಲೇ ಉಳಿಯುತ್ತದೆ. ಜಾಗವೂ ನಾಲ್ಕು ಚದರಡಿ ಉಳಿಯುತ್ತದೆ, ಆದರೆ ಪಟ್ಟಿಯ ಆಕಾರದಲ್ಲಿ ಉಳಿಯುವುದಿಲ್ಲ.

ಅಷ್ಟು ದೂರ ಗಣಿತ ಓದಲು ಹೋಗಿದ್ದೀಯಲ್ಲ, ಇದನ್ನು ಬಿಡಿಸು.

ಮಗಳು ಮತ್ತು ಪಾಲಕಿ

೨೦ ನವೆಂಬರ್

ಮಗಳೇ,

ತಪ್ಪಾಯಿತು. ಇಪ್ಪತ್ತೆರಡು ಎಂದು ಬರೆಯಲು ಕೈ ಬರಲಿಲ್ಲ. ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ್ದೇ ಅರ್ಜಿ ಬರೆಯಲು. ರಜಕ್ಕೆ, ಫೀಸು ಮಾಫಿಗೆ, ಕೆಲಸಕ್ಕೆ. ಪೆನ್ನು ಕೈಗೆ ಬಂದು ಇಂಗ್ಲಿಷ್ ಎಂದ ಕೂಡಲೇ ಬೆನ್ನು ತಾನಾಗಿ ಬಾಗುತ್ತದೆ. ಪ್ರೊಫೆಸರಮ್ಮ ಅದನ್ನೇ ಹೇಳಿದರು: "ನೀವು ನನ್ನ ದಯೆ ಕೇಳ್ತಾ ಇದ್ದೀರಿ. ನನಗೆ ಬೇರೆ ದಾರಿಯೇ ಇಲ್ಲದ ಹಾಗೆ ಮಾಡಿ." ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಇಷ್ಟು ವರ್ಷದಲ್ಲಿ ನನಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಗಿರಾಕಿಗೆ ಬೇರೆ ದಾರಿ ಯಾವಾಗಲೂ ಇರುತ್ತದೆ, ಪಕ್ಕದ ಬೀದಿಯ ಮೇಸ್ತ್ರಿ.

ಅದಿರಲಿ, ಈಗ ಶುಭ ಸುದ್ದಿ. ನಿನ್ನ ಕೋಣೆ ಬಿಡಿಸಿಬಿಟ್ಟೆ!

ನೀನು ಕೈಯಲ್ಲಿ ಜೋಡಿಸುತ್ತೀಯ, ನಾನು ತಲೆಯಲ್ಲಿ ಜೋಡಿಸಿದೆ. ಬಿಸ್ಕತ್ತಿನ ರಟ್ಟಿನ ಡಬ್ಬಿ ಕತ್ತರಿಸಿ ಇಪ್ಪತ್ತೈದು ಪಟ್ಟಿ ಮಾಡಿಕೊಂಡು, ಮೇಜಿನ ಮೇಲೆ ಎರಡು ದಿನ ಕೂತೆ. ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಚಿತ್ರ ಇಟ್ಟಿದ್ದೇನೆ. ಪ್ರತಿ ಪಟ್ಟಿಗೂ ನಂಬರು ಹಾಕಿದ್ದೇನೆ. ಕಿಟಕಿಯ ಮೂಲೆಯಿಂದ ಶುರು ಮಾಡು, ನಂಬರಿನ ಪ್ರಕಾರ ಕೂರಿಸುತ್ತ ಹೋಗು. ಡಾಕ್ಟರಿಗೆ ಹೇಳು, ನಮ್ಮ ತಂದೆ ವಿದೇಶದಿಂದ ಕಳಿಸಿದ ನಕ್ಷೆ ಎಂದು.

ಇಪ್ಪತ್ತೆರಡರ ವಿಷಯ ಇನ್ನು ಮರೆತುಬಿಡು.

ಅಪ್ಪ

೨ ಡಿಸೆಂಬರ್

ಅಪ್ಪಾ,

ನಿನ್ನ ಚಿತ್ರದ ಏಳನೇ ಸಾಲಿನಲ್ಲಿ ಅಡಿಗೊಂದರ ಚೌಕದ ಮನೆ ಹತ್ತಲ್ಲ, ಹನ್ನೊಂದು ಇವೆ.

ಇದು ನಮಗೆ ಗೊತ್ತಾದದ್ದು ಇಪ್ಪತ್ತು ಪಟ್ಟಿ ಕೂರಿಸಿದ ಮೇಲೆ. ಅತ್ತೆ ಕನ್ನಡಕ ಏರಿಸಿಕೊಂಡು ನಂಬರು ಕೂಗುತ್ತಿದ್ದರು, ನಾನು ಹೊತ್ತು ತಂದು ಇಡುತ್ತಿದ್ದೆ. ಇಪ್ಪತ್ತೊಂದನೆಯದು ಗೋಡೆಯೊಳಗೆ ಹೋಗಬೇಕಿತ್ತು. "ತಮ್ಮ ಗೋಡೆ ಒಡೆಯೋಕೆ ಹೇಳ್ತಾನಾ?" ಎಂದು ಅತ್ತೆ ಕೇಳಿದರು. ಅಷ್ಟರಲ್ಲಿ ಡಾಕ್ಟರು ಬಂದರು. ಕೋಣೆಯ ನಡುವೆ ನಿಂತ ನನ್ನ ಮುಖ ನೋಡಿ, "ಏನಮ್ಮ ಮೇಸ್ತ್ರಿ, ಹಲ್ಲುನೋವಾ?" ಎಂದರು.

ಅವರು ಒಳ್ಳೆಯವರು. ಆದರೆ ಜನವರಿ ಕೊನೆಗೆ ಕ್ಲಿನಿಕ್ ತೆರೆಯಬೇಕು. ಅಷ್ಟರೊಳಗೆ ಮುಗಿಯದಿದ್ದರೆ ಪಕ್ಕದ ಬೀದಿಯ ಮೇಸ್ತ್ರಿಗೆ ಹೇಳುತ್ತಾರಂತೆ. ಅವನು ಬಂದು ನೋಡಿಯೂ ಹೋದ. "ನಿಮ್ಮಪ್ಪ ಇದ್ದಿದ್ರೆ ಹೀಗಾಗ್ತಿರಲಿಲ್ಲ" ಎಂದ. ನೀನೇ ಕಳಿಸಿದ ನಕ್ಷೆಯಿಂದ ಹೀಗಾಯಿತು ಎಂದು ನಾನು ಹೇಳಲಿಲ್ಲ.

ಕೇಳು ಅಪ್ಪಾ. ಆಗುವುದಾದರೆ ಹೇಗೆ ಎಂದು ಹೇಳು. ಆಗುವುದಿಲ್ಲವಾದರೆ ಆಗುವುದಿಲ್ಲ ಎಂದು ಹೇಳು. ಆದರೆ ನಾನು ತುಂಬ ಪ್ರಯತ್ನಪಟ್ಟೆ, ಆಗಲಿಲ್ಲ, ಆದ್ದರಿಂದ ಆಗುವುದಿಲ್ಲ ಎಂದು ಮಾತ್ರ ಬರೆಯಬೇಡ. ಪ್ರಯತ್ನ ನಾನೂ ಪಟ್ಟಿದ್ದೇನೆ. ನಿನ್ನ ಪ್ರಯತ್ನ ಮುಗಿದಿರಬಹುದು, ಜೋಡಿಸುವ ರೀತಿ ಮುಗಿದಿದೆಯಾ? ಡಾಕ್ಟರ ಮುಂದೆ ನಿಂತು "ಇದು ಯಾರ ಕೈಲೂ ಆಗಲ್ಲ" ಎಂದು ನಾನು ಹೇಳಬೇಕಾದರೆ, ಅವರು ನನ್ನ ಮುಖ ನೋಡಿ ಒಪ್ಪುವ ಹಾಗಿರಬಾರದು. ನನ್ನ ಮುಖ ಈಗಾಗಲೇ ಅವರಿಗೆ ಸಾಕಾಗಿದೆ.

ಮಗಳು

೧೪ ಡಿಸೆಂಬರ್

ಮಗಳೇ,

ಹನ್ನೊಂದು ಮನೆ! ಅಳತೆ ತಪ್ಪಿದ ಮೇಸ್ತ್ರಿಗೆ ನಾನು ಏನೆನ್ನುತ್ತಿದ್ದೆನೋ ಅದನ್ನು ನನಗೆ ನಾನೇ ಗಟ್ಟಿಯಾಗಿ ಅಂದುಕೊಂಡೆ. ಪಕ್ಕದ ಕೋಣೆಯವರು ಬಾಗಿಲು ತಟ್ಟಿದರು.

ಈಗ ನಿಧಾನವಾಗಿ ಓದು. ಒಂದೊಂದು ಸಾಲಿಗೂ ಸರಿಯೇ ಎಂದು ಕೇಳಿಕೊಂಡು ಮುಂದಕ್ಕೆ ಹೋಗು. ಸರಿಯಿಲ್ಲದ ಕಡೆ ನಿಲ್ಲು.

ಕೋಣೆಗೆ ಅಡಿಗೊಂದರಂತೆ ಗೆರೆ ಎಳೆ. ನೂರು ಮನೆ. ಈಗ ಎರಡಕ್ಕೆರಡು, ನಾಲ್ಕು ಮನೆ ಸೇರಿಸಿ ಒಂದು ದೊಡ್ಡ ಚೌಕ ಎನ್ನು. ಅಂಥ ದೊಡ್ಡ ಚೌಕ ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು ಇಪ್ಪತ್ತೈದು. ಮೂಲೆಯ ಚೌಕಕ್ಕೆ ಕಪ್ಪು ಬಳಿ, ಪಕ್ಕದ್ದು ಬಿಳಿ, ಅದರ ಪಕ್ಕದ್ದು ಕಪ್ಪು. ಹೀಗೆ ಕಪ್ಪಿನ ಪಕ್ಕ ಬಿಳಿ, ಬಿಳಿಯ ಪಕ್ಕ ಕಪ್ಪು, ಎರಡೂ ದಿಕ್ಕಿನಲ್ಲಿ. ಎಣಿಸು. ಕಪ್ಪು ಚೌಕ ಹದಿಮೂರು, ಬಿಳಿ ಹನ್ನೆರಡು. ಅಂದರೆ ಕಪ್ಪು ಮನೆ ಐವತ್ತೆರಡು, ಬಿಳಿ ಮನೆ ನಲವತ್ತೆಂಟು.

ಈಗ ಒಂದು ಪಟ್ಟಿ ಎತ್ತಿಕೋ. ಎಲ್ಲಿ ಬೇಕಾದರೂ ಇಡು, ಅಡ್ಡಕ್ಕಾದರೂ ಸರಿ, ಉದ್ದಕ್ಕಾದರೂ ಸರಿ. ಯಾವ ಸಾಲಿನಲ್ಲೂ ಬಣ್ಣ ಎರಡು ಕಪ್ಪು, ಎರಡು ಬಿಳಿ, ಎರಡು ಕಪ್ಪು ಎಂದೇ ಹೋಗುತ್ತದೆ. ಆದ್ದರಿಂದ ನಾಲ್ಕು ಮನೆಯ ಪಟ್ಟಿಯ ಅಡಿ ಯಾವಾಗಲೂ ಎರಡು ಕಪ್ಪು, ಎರಡು ಬಿಳಿ ಮುಚ್ಚಿಹೋಗುತ್ತವೆ. ನೀನು ಇಟ್ಟರೂ ಅಷ್ಟೇ, ನಾನು ಇಟ್ಟರೂ ಅಷ್ಟೇ, ಪಕ್ಕದ ಬೀದಿಯವನು ಇಟ್ಟರೂ ಅಷ್ಟೇ.

ಇಪ್ಪತ್ತೈದು ಪಟ್ಟಿ ಕೂತರೆ ಐವತ್ತು ಕಪ್ಪು, ಐವತ್ತು ಬಿಳಿ ಮುಚ್ಚಬೇಕು. ನೆಲದಲ್ಲಿರುವುದು ಐವತ್ತೆರಡು ಮತ್ತು ನಲವತ್ತೆಂಟು.

ಆದ್ದರಿಂದ ಆಗುವುದಿಲ್ಲ.

ಇದು ನನಗೆ ಹೊಳೆದದ್ದು ಸ್ವೆಟರ್ ಹುಡುಗಿಯಿಂದ. ಅವಳು ಎರಡು ಕುಣಿಕೆ ಕಪ್ಪು, ಎರಡು ಕುಣಿಕೆ ಬಿಳಿ ಚೌಕದ ಸ್ವೆಟರನ್ನು ಓದುವ ಕೋಣೆಯ ಮೇಜಿನ ಮೇಲೆ ಹರಡಿ ಅಳತೆ ನೋಡುತ್ತಿದ್ದಳು. ಅದಕ್ಕೆ ತಕ್ಕ ಹಾಗೆ ಸಣ್ಣದಾಗಿ ಒಂದು ರಟ್ಟಿನ ಪಟ್ಟಿ ಕತ್ತರಿಸಿ ಅದರ ಮೇಲೆ ಸುಮ್ಮನೆ ಇಟ್ಟೆ. ಸರಿಸಿದೆ. ಇನ್ನೊಂದು ಕಡೆ ಇಟ್ಟೆ. ಎಲ್ಲಿಟ್ಟರೂ ಎರಡು, ಎರಡು. ಎದ್ದು ನಿಂತುಬಿಟ್ಟೆ. "ಏನಾಯ್ತು ಅಂಕಲ್, ಇರುವೆ ಕಚ್ತಾ?" ಎಂದಳು.

ಇದನ್ನು ಮುರಿಯಲು ನೋಡು. ನಿನಗೆ ಮುರಿಯಲು ಆಗದಿದ್ದರೆ ಜನವರಿ ಹದಿನಾರನೇ ತಾರೀಖು ಇದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಪರೀಕ್ಷೆಯಲ್ಲಿ ನಮಗಿಷ್ಟವಾದ ಒಂದನ್ನು ಆರಿಸಿಕೊಂಡು ಸಾಧಿಸಿ ತೋರಿಸಬೇಕಂತೆ. ಕೊನೆಯಲ್ಲಿ ಕಪ್ಪಗೆ ಹೊಡೆದುಹಾಕಿದ ಒಂದು ಸಾಲು ಕಾಣುತ್ತಿದೆಯಲ್ಲ, ಅದು ಅಭ್ಯಾಸಬಲದಿಂದ ಬಂದ ವಿನಂತಿ. ಓದಬೇಡ.

ಅಪ್ಪ

೨೭ ಡಿಸೆಂಬರ್

ಅಪ್ಪಾ,

ಮುರಿಯಲು ನೋಡಿದೆ. ಒಂದು ದಿನವಿಡೀ.

ಅತ್ತೆ ಮಸಿ ತಂದು ಅಂಗಳದಲ್ಲೇ ಹತ್ತಕ್ಕೆ ಹತ್ತು ಬಳಿದುಕೊಟ್ಟರು. ಎಣಿಸಿದೆವು, ಐವತ್ತೆರಡು, ನಲವತ್ತೆಂಟು. ಅತ್ತೆಗೆ ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದರು, ಅಷ್ಟೇ.

ಒಂದು ಸಂದು ಮಾತ್ರ ಸಿಕ್ಕಿತು. ಪಟ್ಟಿ ನಿನ್ನ ಗೆರೆಯ ಮೇಲೇ ಕೂರಬೇಕು ಎಂದು ಯಾರು ಹೇಳಿದರು? ಅರ್ಧ ಅಡಿ ಪಕ್ಕಕ್ಕೆ ಸರಿಸಿ ಇಟ್ಟರೆ ನಿನ್ನ ಎರಡು, ಎರಡು ಎಲ್ಲಿ ಹೋಗುತ್ತದೆ? ಗೆದ್ದೆ ಎಂದುಕೊಂಡೆ. ಆಮೇಲೆ ನಾನೇ ಅದನ್ನು ಮುಚ್ಚಿದೆ. ಮೇಸ್ತ್ರಿ ಶುರು ಮಾಡುವುದು ಮೂಲೆಯಿಂದ. ಮೂಲೆಗೆ ಒಂದು ಪಟ್ಟಿ ಒತ್ತಿ ಕೂರಲೇಬೇಕು, ಇಲ್ಲದಿದ್ದರೆ ಅಲ್ಲಿ ಸಂದು ಉಳಿಯುತ್ತದೆ. ಅದು ಕೂತ ಮೇಲೆ ಅದರ ಪಕ್ಕದ ಮೂಲೆ ಹೊಸ ಮೂಲೆ. ಅಲ್ಲಿಗೂ ಒಂದು ಒತ್ತಿ ಕೂರಬೇಕು. ಹೀಗೆ ಮೂಲೆಯಿಂದ ಮೂಲೆಗೆ ಹೋದರೆ ಎಲ್ಲವೂ ಪೂರ್ತಿ ಅಡಿಯಲ್ಲೇ ಬರುತ್ತವೆ, ಅರ್ಧ ಅಡಿ ಎಂಬುದು ಹುಟ್ಟುವುದೇ ಇಲ್ಲ. ಓರೆಯಾಗಿ ಇಟ್ಟರೂ ಇದೇ ಕಥೆ, ಮೂಲೆಯಲ್ಲಿ ಮುಕ್ಕು ಉಳಿಯುತ್ತದೆ. ಇದು ಗಣಿತವೋ ಅಲ್ಲವೋ ಗೊತ್ತಿಲ್ಲ, ನಮ್ಮ ಕೆಲಸದಲ್ಲಿ ಇದು ಮೊದಲ ದಿನದ ಪಾಠ.

ಆಮೇಲೆ ಇನ್ನೊಂದು ಹೊಳೆಯಿತು. ಇಪ್ಪತ್ನಾಲ್ಕು ಪಟ್ಟಿ ಹೇಗಿಟ್ಟರೂ ನಲವತ್ತೆಂಟು ಬಿಳಿ ಮುಚ್ಚುತ್ತವೆ. ಅಂದರೆ ಬಿಳಿ ಪೂರ್ತಿ ಮುಗಿಯಿತು. ಉಳಿಯುವ ನಾಲ್ಕೂ ಕಪ್ಪೇ ಆಗಿರಬೇಕು! ಹಾಗಾದರೆ ಆ ನಾಲ್ಕನ್ನೂ ಒಂದೇ ದೊಡ್ಡ ಚೌಕದಲ್ಲಿ ಉಳಿಸಬಾರದೇಕೆ? ಕೋಣೆಯ ನಟ್ಟನಡುವಿನ ಚೌಕ ಕಪ್ಪೇ ಇದೆ. ಅದನ್ನು ಖಾಲಿ ಬಿಟ್ಟು ಸುತ್ತಲೂ ಆರಾರು ಪಟ್ಟಿಯ ನಾಲ್ಕು ಕಟ್ಟು ಹಾಕಿದೆ, ಒಂದು ಮತ್ತೊಂದರ ಬೆನ್ನಟ್ಟಿ ಹೋಗುವ ಹಾಗೆ, ಮಕ್ಕಳ ಕಾಗದದ ಗಿರಗಿಟ್ಲೆಯ ಹಾಗೆ. ಕೂತವು ಅಪ್ಪಾ. ಇಪ್ಪತ್ನಾಲ್ಕೂ ಒಂದು ಕೂದಲು ಸಂದಿಲ್ಲದೆ ಕೂತವು.

ಡಾಕ್ಟರ ಮುಂದೆ ಸೀಮೆಸುಣ್ಣ ಹಿಡಿದು ಎಲ್ಲ ಹೇಳಿದೆ. ಅವರು ಎರಡು ಕಡೆ ತಡೆದು ಕೇಳಿದರು, ಎರಡಕ್ಕೂ ಉತ್ತರ ಇತ್ತು. ಕೊನೆಗೆ, "ಮರಗಟ್ಟೋ ಇಂಜೆಕ್ಷನ್ ಇಲ್ದೇನೇ ಒಪ್ಪಿಸಿಬಿಟ್ಟೆಯಲ್ಲಮ್ಮ" ಎಂದರು. ನಡುವೆ ಎರಡಡಿ ಚೌಕಕ್ಕೆ ಬೇರೆ ಕಲ್ಲು ಹಾಕಬಹುದಂತೆ, ಆದರೆ ಅದೂ ಕತ್ತರಿಸಿದ ತುಂಡಾಗಿರಬಾರದು, ಒಂದೇ ಇಡೀ ಕಲ್ಲು.

ಎರಡಡಿಗೆ ಎರಡಡಿ. ಕಪ್ಪು. ಒಂದೇ ಕಲ್ಲು. ನಾನು ಏನು ಯೋಚಿಸುತ್ತಿದ್ದೇನೆಂದು ನಿನಗೆ ಗೊತ್ತಾಯಿತಲ್ಲ? ಅಮ್ಮ ಅದನ್ನು ಯಾಕೆ ತಡೆದಿಟ್ಟಿದ್ದಳು ಎಂದು ನೀನು ಹೇಳಿದ ಮೇಲೆಯೇ ಮುಟ್ಟುತ್ತೇನೆ.

ಮಗಳು

೧೭ ಜನವರಿ

ಮಗಳೇ,

ಮೊದಲು ಕಲ್ಲಿನ ವಿಷಯ. ಮದುವೆಯಾದ ಹೊಸದರಲ್ಲಿ ಆ ಕಲ್ಲಿಗೆ ಮೂರು ಗಿರಾಕಿ ಬಂದಿದ್ದರು. ಒಬ್ಬರಿಗೆ ದೊಡ್ಡದಾಯಿತು, ಒಬ್ಬರಿಗೆ ಚಿಕ್ಕದಾಯಿತು, ಇನ್ನೊಬ್ಬರು ಅಂಚು ಕಡಿದು ಕೊಡಿ ಎಂದರು. ನಾನು ಉಳಿ ಎತ್ತಿದ್ದೆ. ನಿಮ್ಮಮ್ಮ ಕೈ ಹಿಡಿದಳು. "ಕಲ್ಲು ಸರಿಯಾಗಿದೆ, ಜಾಗ ಸರಿಯಿಲ್ಲ. ಇದರ ಅಳತೆಯ ಜಾಗ ಸಿಗೋವರೆಗೂ ಇರಲಿ" ಎಂದಳು. ಮತ್ತೇನೂ ಗುಟ್ಟಿಲ್ಲ. ಅಷ್ಟೇ. ನಿನ್ನ ಕಾಗದವನ್ನು ನಾನು ನಿಂತುಕೊಂಡೇ ಓದಿದ್ದೆ, ಕೊನೆಗೆ ಕೂತುಕೊಂಡೆ.

ಈಗ ಪರೀಕ್ಷೆ. ಪ್ರೊಫೆಸರಮ್ಮ, ಜೊತೆಗೆ ನಾನು ನೋಡಿರದ ಇನ್ನಿಬ್ಬರು. ಬೋರ್ಡಿನ ಮೇಲೆ ಹತ್ತಕ್ಕೆ ಹತ್ತು ಗೆರೆ ಎಳೆದೆ. ಸ್ಕೇಲು ಕೊಡಬಂದರು, ಬೇಡವೆಂದೆ. ಆ ಗೆರೆಗಳನ್ನು ನೋಡಿ ಮೂವರೂ ಮುಖ ಮುಖ ನೋಡಿಕೊಂಡರು; ಮೂವತ್ತೈದು ವರ್ಷ ನೆಲಕ್ಕೆ ಅಳತೆಯ ದಾರ ಹಿಡಿದ ಕೈ ಅದು. ಬಾಗಿಲ ಗಾಜಿನಾಚೆ ಸ್ವೆಟರ್ ಹುಡುಗಿ ನಿಂತಿದ್ದಳು.

ಇಂಗ್ಲಿಷ್ ನನಗೆ ಅಡ್ಡ ಬರಲಿಲ್ಲ. ಬಣ್ಣ ಎರಡು, ಅಂಕಿ ನಾಲ್ಕು, ಬೇರೆ ಮಾತೇ ಬೇಕಿರಲಿಲ್ಲ. ಮುಗಿಸಿದಾಗ ಹೊಸಬರಲ್ಲೊಬ್ಬರು, "ಪಟ್ಟಿ ನಿಮ್ಮ ಗೆರೆ ಮೇಲೇ ಕೂರ್ಬೇಕು ಅಂತ ಯಾರು ಹೇಳಿದ್ರು?" ಎಂದು ಕೇಳಿದರು. ಮಗಳೇ, ನಗು ಬಂತು. ನಿನ್ನ ಮೂಲೆಯ ಮಾತನ್ನು ಹೇಳಿದೆ. ಸೀಮೆಸುಣ್ಣ ಬಿಟ್ಟು, ಹಾಳೆ ಮಡಿಸಿ, ಮೇಜಿನ ಮೂಲೆಗೆ ಒತ್ತಿ ಕೂರಿಸಿ ತೋರಿಸಿದೆ. ಪ್ರೊಫೆಸರಮ್ಮ, "ಹಾಗಾದ್ರೆ ಹೆಚ್ಚೆಂದರೆ ಎಷ್ಟು ಕೂರಿಸಬಹುದು?" ಎಂದರು. ಇಪ್ಪತ್ನಾಲ್ಕು ಎಂದು ಗಿರಗಿಟ್ಲೆ ಬರೆದೆ.

"ಇದು ಯಾವ ಪುಸ್ತಕದಲ್ಲಿ ಸಿಕ್ತು?"

"ಪುಸ್ತಕದ್ದಲ್ಲ ಮೇಡಂ. ಮೊದಲರ್ಧ ನನ್ನದು. ಉಳಿದದ್ದು ನನ್ನ ಗಾರ್ಡಿಯನ್ನದು."

ಆಗ ಒಂದು ಕ್ಷಣ ಬಂತು. ಎಲ್ಲ ಮುಗಿದಿತ್ತು, ನಾನು ಏನಾದರೂ ಹೇಳಿ ನಿಲ್ಲಿಸಬೇಕಿತ್ತು. ನಾಲಿಗೆಯ ತುದಿಗೆ ಆ ಹಳೆಯ ಸಾಲು ಬಂದು ಕೂತಿತು, ಐ ಹಂಬ್ಲಿ ರಿಕ್ವೆಸ್ಟ್. ಪ್ರೊಫೆಸರಮ್ಮನಿಗೂ ಅದು ಗೊತ್ತಾಯಿತು ಎಂದು ಕಾಣುತ್ತದೆ, ಪೆನ್ನು ಮೇಲೆತ್ತಿ ಕಾಯುತ್ತಿದ್ದರು. ನಾನು ಕೈಯ ಸುಣ್ಣ ಒರೆಸಿಕೊಂಡು, "ಫಿನಿಶ್ಡ್" ಎಂದೆ. ಬೆನ್ನು ನೇರವಾಗಿತ್ತು.

ತೇರ್ಗಡೆ. ನಡತೆ ಇನ್ನೂ ಉತ್ತಮವೇ ಇದೆಯಂತೆ.

ಇದರ ಜೊತೆ ಒಂದು ಫಾರಂ ಇದೆ. ನಾನು ಇಲ್ಲಿ ಮುಂದಿನ ಮೂರು ವರ್ಷ ಓದಲು ಪಾಲಕರ ಒಪ್ಪಿಗೆಯ ಸಹಿ ಬೇಕು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ನಾನು ಬರುವಾಗ ನಿನ್ನನ್ನು ಕೇಳಲಿಲ್ಲ, ಹೇಳಿದ್ದಷ್ಟೇ. ಈಗ ಕೇಳುತ್ತಿದ್ದೇನೆ. ಅಂಗಡಿ ನಿನ್ನೊಬ್ಬಳಿಗೆ ಭಾರವಾದರೆ ಸಹಿ ಹಾಕಬೇಡ, ನಾನು ಬರುತ್ತೇನೆ, ಮುಖ ಊದಿಸಿಕೊಂಡು ಬರುವುದಿಲ್ಲ. ಇಲ್ಲಿ ಕಲಿತದ್ದು ಒಂದಾದರೂ ಆಯಿತು, ಸಾಕು.

ವಿನಂತಿ ಏನೂ ಇಲ್ಲ.

ಅಪ್ಪ

೧೪ ಫೆಬ್ರವರಿ

ಅಪ್ಪಾ,

ನಿನ್ನ ಕಾಗದ ಬಂದ ದಿನವೇ ನಾಲ್ಕು ಜನ ಸೇರಿ ಕಲ್ಲು ಎತ್ತಿದೆವು. ಅತ್ತೆ ಕೊನೆಯ ಗಳಿಗೆಯವರೆಗೂ ಅದರ ಮೇಲೆ ಕೂತೇ ಇದ್ದರು. "ನನ್ನನ್ನೂ ಸೇರಿಸಿ ಹೊತ್ಕೊಂಡು ಹೋಗಿ" ಎಂದರು. ಆಮೇಲೆ ಕ್ಲಿನಿಕ್ಕಿಗೆ ನಮಗಿಂತ ಮೊದಲೇ ಬಂದು ನಿಂತಿದ್ದರು.

ಕಲ್ಲಿಗೆ ಉಳಿ ಮುಟ್ಟಿಸಲಿಲ್ಲ. ಗಾರೆಯ ಮೇಲೆ ಇಳಿಸಿದ ಕೂಡಲೇ ಕೂತುಬಿಟ್ಟಿತು. ಸುತ್ತ ಇಪ್ಪತ್ನಾಲ್ಕು ಪಟ್ಟಿ, ನಡುವೆ ನಿನ್ನ ಕಲ್ಲು. ಡಾಕ್ಟರು ಬಗ್ಗಿ, ಒಸಡು ನೋಡುವ ಹಾಗೆ, ಸಂದುಗಳ ಮೇಲೆ ಬೆರಳಾಡಿಸಿ ನೋಡಿದರು. ಪಕ್ಕದ ಬೀದಿಯ ಮೇಸ್ತ್ರಿಯೂ ಬಂದ. "ಇಪ್ಪತ್ತೈದನೇ ಪಟ್ಟಿ ಯಾಕೆ ಹಾಕಲಿಲ್ಲ?" ಎಂದು ಕೇಳಿದ. ಬಾ ಕೂತ್ಕೋ ಎಂದು ಸೀಮೆಸುಣ್ಣ ತೆಗೆದೆ. ಐವತ್ತೆರಡು ಎನ್ನುವಷ್ಟರಲ್ಲಿ ಅವನಿಗೆ ಏನೋ ಕೆಲಸ ನೆನಪಾಯಿತು. ಆ ಉಳಿದ ಪಟ್ಟಿಯನ್ನು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದ್ದೇನೆ. ಕೇಳಿದವರಿಗೆಲ್ಲ ಕಾರಣ ಹೇಳುತ್ತೇನೆ.

ಅತ್ತೆ ವಾರಕ್ಕೊಮ್ಮೆ ಇಲ್ಲದ ಹಲ್ಲುನೋವು ಹೇಳಿಕೊಂಡು ಕ್ಲಿನಿಕ್ಕಿಗೆ ಹೋಗುತ್ತಾರೆ. ಕುರ್ಚಿ ಇದ್ದರೂ ಕರಿಕಲ್ಲಿನ ಮೇಲೆಯೇ ಕೂರುತ್ತಾರೆ.

ಗಾರೆ ಒಣಗಿದ ದಿನ ಎಲ್ಲರನ್ನೂ ಹೊರಗೆ ಕಳಿಸಿ ಚಪ್ಪಲಿ ಬಿಟ್ಟೆ. ಕಣ್ಣು ಮುಚ್ಚಿಕೊಂಡು ಗೋಡೆಯಿಂದ ಗೋಡೆಗೆ ನಡೆದೆ. ಪಟ್ಟಿಯಿಂದ ಪಟ್ಟಿಗೆ, ಪಟ್ಟಿಯಿಂದ ಕಲ್ಲಿಗೆ, ಕಲ್ಲಿನಿಂದ ಪಟ್ಟಿಗೆ. ಎಲ್ಲಿ ಕಲ್ಲು ಶುರುವಾಯಿತು ಎಂದು ತಿಳಿದದ್ದು ಅದರ ತಂಪಿನಿಂದ ಮಾತ್ರ.

ನಿನ್ನ ಫಾರಂ ಇದರ ಜೊತೆ ಇದೆ. ಅಂಗಡಿ ಭಾರವೇ, ಆದರೆ ನನ್ನ ಕೈಗೆ ಕೂತಿದೆ. ಬೋರ್ಡಿನಲ್ಲಿ ನಿನ್ನ ಹೆಸರಿನ ಕೆಳಗೆ ನನ್ನದೂ ಬರೆಸಿದೆ. ಕೇಳಲಿಲ್ಲ, ಹೇಳಿದ್ದಷ್ಟೇ.

ಸಹಿ ಹಾಕಿದ್ದೇನೆ. ಕೆಳಗೆ ಪಾಲಕರ ಅಭಿಪ್ರಾಯಕ್ಕೆ ಎರಡು ಸಾಲು ಜಾಗ ಬಿಟ್ಟಿದ್ದರು. ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೋ ತಿಳಿಯಲಿಲ್ಲ, ಕನ್ನಡದಲ್ಲೇ ಬರೆದಿದ್ದೇನೆ. ಪ್ರೊಫೆಸರಮ್ಮ ಕೇಳಿದರೆ ನೀನೇ ಅರ್ಥ ಹೇಳು:

"ನಡೆದು ನೋಡಿದ್ದೇನೆ. ಕಾಲು ಒಪ್ಪಿತು."

ಮಗಳು